ಮಾಲೆ ಇಳಿಸಿದ ಮರುದಿನ
(ಬೆಟ್ಟದೂರಿನ ಸಭೆಯೊಂದರಲ್ಲಿ ಕೃಷಿ ವಿಜ್ಞಾನಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಬಹುಪಾಲು ಮಳೆಯನ್ನೇ ನಂಬಿದ ಸೀಮೆ. ಮಳೆ ಕೈಕೊಟ್ಟಾಗ ಅಲ್ಲಿನ ಹಟ್ಟಿ, ತಾಂಡಾಗಳ ಜನ ಮಂಡ್ಯದ ಕಬ್ಬಿನ ಗದ್ದೆಗಳಿಗೂ ನಮ್ಮ ಮಲೆನಾಡಿನ ಕಾಫಿ ತೋಟಗಳಿಗೂ ಗುಳೆ ಬರುತ್ತಾರೆ. ಗುಳೆ ಬಂದವರಿಗೆ ಊರ ಹಬ್ಬವಿಲ್ಲ, ಹಿರಿಯರ ಆಸರೆಯಿಲ್ಲ. ಬಟವಾಡೆಯ ಸಂಜೆ ಎದುರಿಗೆ ಕಾಣುವುದು ಮದ್ಯದಂಗಡಿ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಚಟ ಮಾತ್ರ ಅಗ್ಗದ ವಿಸ್ಕಿಯತ್ತ ತಿರುಗಿತು.

ಆದರೆ ಮದ್ಯವನ್ನು ದೂರವಿಡುವ ಪರಂಪರೆಯೂ ಅದೇ ಸೀಮೆಯದು. ಮ್ಯಾಸಬೇಡರ ಕಟ್ಟಳೆಯಲ್ಲಿ ಹೆಂಡ ನಿಷಿದ್ಧ. ಹೆಂಡ ಕೊಡುವ ಈಚಲು ಮರವನ್ನು ಮುಟ್ಟುವುದೂ ನಿಷಿದ್ಧವಾಗಿತ್ತು. ಲಂಬಾಣಿಗರ ಸಂತ ಸೇವಾಲಾಲರ ಬೋಧನೆಯಲ್ಲಿ ಮದ್ಯತ್ಯಾಗಕ್ಕೆ ಹಿರಿಯ ಸ್ಥಾನ. ಫೆಬ್ರವರಿಯಲ್ಲಿ ಮಾಲೆ ಧರಿಸಿ ಸೂರಗೊಂಡನಕೊಪ್ಪಕ್ಕೆ ನಡೆಯುವ ಭಕ್ತರು ಮಾಲೆ ಕೊರಳಲ್ಲಿರುವಷ್ಟು ದಿನ ಕುಡಿಯುವುದಿಲ್ಲ. ಹರಪನಹಳ್ಳಿ ತಾಲ್ಲೂಕಿನ ಹಲುವಾಗಲಿನಲ್ಲಿ ಹುಟ್ಟಿದ ನಿಜಲಿಂಗಪ್ಪನವರು ಮುಂದೆ ನಿಂತ 1939ರ ತುರುವನೂರು ಸತ್ಯಾಗ್ರಹದಲ್ಲಿ ಜನ ಈಚಲು ಮರಗಳನ್ನೇ ಕಡಿದರು. ಚಾಪೆ, ಪೊರಕೆ ಕೊಟ್ಟು ಹಳ್ಳದ ದಂಡೆ ಹಿಡಿದಿಡುವ ಆ ಮರದ್ದೇನು ತಪ್ಪೆಂದು ನನಗೆ ಅನ್ನಿಸುತ್ತದೆ. ಜನರ ಸಂಕಲ್ಪವನ್ನು ಮಾತ್ರ ಗೌರವಿಸುತ್ತೇನೆ.

ಹಾಗಾದರೆ ವ್ರತವೊಂದೇ ಸಾಕೇ? ಸಾಲದು. ವರ್ಷಗಟ್ಟಲೆ ದಿನವೂ ಕುಡಿದವರು ಏಕಾಏಕಿ ನಿಲ್ಲಿಸಿದರೆ ಮೊದಲ ಕೆಲವು ದಿನಗಳಲ್ಲಿ ಕೈನಡುಕ, ಫಿಟ್ಸ್, ಭ್ರಮೆ ಬರಬಹುದು, ಪ್ರಾಣವೂ ಹೋಗಬಹುದು. ಅದು ದೇವರ ಮುನಿಸಲ್ಲ, ಮದ್ಯಕ್ಕೆ ಒಗ್ಗಿಹೋದ ನರಗಳ ತಲ್ಲಣ. ಅಂಥವರು ಮಾಲೆ ಧರಿಸುವ ಮೊದಲೇ ವೈದ್ಯರನ್ನು ಕಾಣಬೇಕು. 14446 ವ್ಯಸನಮುಕ್ತಿಯ ಉಚಿತ ಸಹಾಯವಾಣಿ.

ಆಸ್ಪತ್ರೆಯೊಂದೇ ಸಾಕೇ? ಅದೂ ಸಾಲದು. ಸತ್ವ ಕಳೆದುಕೊಂಡ ಮಣ್ಣಿಗೆ ಎಂಥ ಒಳ್ಳೆಯ ಸಸಿ ನೆಟ್ಟರೂ ಅದು ಬಾಡುತ್ತದೆ. ಗುಣವಾಗಿ ಬಂದವನನ್ನು ಅದೇ ಏಕಾಂತಕ್ಕೆ, ಅದೇ ಹೀಯಾಳಿಕೆಗೆ ಮರಳಿಸಿದರೆ ಅವನು ಮತ್ತೆ ಬೀಳುತ್ತಾನೆ.

ಕೆನಡಾದ ಆಲ್ಕಲಿ ಲೇಕ್ ಎಂಬ ಆದಿವಾಸಿ ಊರು ಕುಡಿತದಿಂದ ಪೂರ್ತಿ ನಲುಗಿತ್ತು. 1972ರಲ್ಲಿ, ಕುಡಿಯುವ ಮನೆಗೆ ಬರಲಾರೆನೆಂದು ಪುಟ್ಟ ಮಗಳು ಹಟ ಹಿಡಿದಾಗ ಫಿಲ್ಲಿಸ್ ಚೆಲ್ಸಿ ಎಂಬ ತಾಯಿ ಮದ್ಯ ಬಿಟ್ಟರು; ಬಳಿಕ ಪತಿ ಆಂಡಿ ಬಿಟ್ಟರು. ಚಿಕಿತ್ಸೆಗೆ ಹೋದವರ ಮಕ್ಕಳನ್ನು ಊರು ನೋಡಿಕೊಂಡಿತು. ಬಿಸಿಗಲ್ಲಿನ ಹಬೆಯಲ್ಲಿ ಕುಳಿತು ಪ್ರಾರ್ಥಿಸುವ ಹಿರಿಯರ ಆಚರಣೆ ಮರಳಿ ಬಂದಿತು. ಸುಮಾರು ಹದಿನೈದು ವರ್ಷಗಳಲ್ಲಿ ಊರಿನ ಬಹುತೇಕರು ಮದ್ಯಮುಕ್ತರಾದರು. ಅಲ್ಲಿ ಚಿಕಿತ್ಸೆ ಮತ್ತು ಸಂಸ್ಕೃತಿ ಜೊತೆಯಾಗಿಯೇ ನಡೆದವು.

ನಮ್ಮಲ್ಲಿ ಕಟ್ಟಳೆ ಕೆಲವೊಮ್ಮೆ ದಂಡವಾಗಿ, ಬಹಿಷ್ಕಾರವಾಗಿ ಉಳಿದಿದೆ. ಅವಮಾನದಿಂದ ಯಾರೂ ಗುಣವಾಗುವುದಿಲ್ಲ. ಮಾಲೆ ಇಳಿಸಿದ ಮರುದಿನವೇ ನಿಜವಾದ ಪರೀಕ್ಷೆ. ಆ ದಿನ ಅವನಿಗೆ ಕೆಲಸ ಬೇಕು, ಭಜನೆಯ ಗುಂಪಿನಲ್ಲಿ ಜಾಗ ಬೇಕು, ಕುಡಿಯದ ಗೆಳೆಯರು ಬೇಕು.

ತೋಟವಿರುವ ಬಂಧುಗಳೇ, ಬಟವಾಡೆಯ ಸಂಜೆ ಗುಳೆ ಬಂದವರು ಕೂಡಿ ಹಾಡಲು ಒಂದು ಅಂಗಳ ಕೊಡಿ. ವಿದ್ಯಾರ್ಥಿಗಳೇ, ಅವರ ಹಾಡುಗಳನ್ನು ಕೇಳಲು ಹೋಗಿ. ಕೇಳುವವರಿದ್ದಾರೆ ಎಂಬ ಅರಿವೇ ಮದ್ದಿನ ಮೊದಲ ಗುಟುಕು.