ಮನೆಯಲ್ಲೇ ಹೆಣೆಯುವ ಹರಿಗೋಲು

(ಮೈಸೂರಿನ ಗೋಕುಲಂನಲ್ಲಿ ರೈತರು ಮತ್ತು ಒಳನಾಡು ಮೀನುಗಾರರ ಸಭೆಯಲ್ಲಿ ಮಾಡಿದ ಭಾಷಣ)



ಗೋಕುಲಂನಲ್ಲಿ ಹೊಳೆಯಿಲ್ಲ. ಹೀಗಿರುವಾಗ ಇಲ್ಲಿ ಮೀನು ಹಿಡಿಯುವ ದೋಣಿಯ ಮಾತೇಕೆ ಎಂದು ಕೆಲವರಿಗಾದರೂ ಅನ್ನಿಸಬಹುದು. ಆದರೆ ಇಲ್ಲಿಂದ ಕೃಷ್ಣರಾಜಸಾಗರದ ರಸ್ತೆ ಹಿಡಿದರೆ ಒಂದು ಗಂಟೆಯೊಳಗೆ ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥಗಳು ಕೂಡಿ ನಿಂತ ನೀರಿನ ಅಂಚಿಗೆ ತಲಪಬಹುದು. ಪೇಟೆಯ ಕಡೆಗೆ ಹೊರಟರೆ ಬಿದಿರು ಕೆಲಸಕ್ಕೆ ಹೆಸರಾದ ಮೇದರ ಬ್ಲಾಕ್ ಮತ್ತು ಬಂಬೂ ಬಜಾರ್ ಸಿಗುತ್ತವೆ. ಒಂದು ಕಡೆ ನೀರು, ಇನ್ನೊಂದು ಕಡೆ ಬಿದಿರು. ಇವೆರಡೂ ಇರುವಲ್ಲಿ ಹರಿಗೋಲು ಹುಟ್ಟಿಕೊಂಡದ್ದು ಸಹಜವೇ ಆಗಿದೆ. ಮೈಸೂರು ಸೀಮೆಯಲ್ಲಿ ಇದನ್ನು ತೆಪ್ಪವೆಂದೂ ಕರೆಯುತ್ತಾರೆ.

ಇದು ಹೊಸ ವಸ್ತುವಲ್ಲ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯೆಸ್, ತುಂಗಭದ್ರೆಯನ್ನು ದಾಟಿಸುತ್ತಿದ್ದ ಬುಟ್ಟಿಯಾಕಾರದ, ತೊಗಲು ಹೊದೆಸಿದ ದೋಣಿಗಳನ್ನು ಕಂಡು ಬರೆದಿದ್ದಾನೆ. ಅವು ನೆಟ್ಟಗೆ ಸಾಗದೆ ಗಿರಗಿರನೆ ತಿರುಗುತ್ತವೆಂದೂ ಹೇಳಿದ್ದಾನೆ. ಅಂದಿನಿಂದ ಇಂದಿನವರೆಗೆ ಆಕಾರ ಹೆಚ್ಚು ಬದಲಾಗಿಲ್ಲ. ಹೊದಿಕೆ ಮಾತ್ರ ಬದಲಾಗಿದೆ. ಎಮ್ಮೆ, ಎತ್ತುಗಳ ತೊಗಲಿನ ಜಾಗಕ್ಕೆ ಪ್ಲಾಸ್ಟಿಕ್ ಹಾಳೆಯೂ ಗೊಬ್ಬರದ ಚೀಲವೂ ಬಂದಿವೆ. ಬೆಸ್ತರು ಮತ್ತು ಮೇದರು ತಲೆಮಾರುಗಳಿಂದ ಉಳಿಸಿಕೊಂಡು ಬಂದ ವಿದ್ಯೆ ಇದು. ಹೊಸದಾಗಿ ಹೆಣೆಯ ಹೊರಟ ಬೇಸಾಯಗಾರನು ಮೊದಲನೆಯದನ್ನು ಅಂಥ ಒಬ್ಬ ಕಸುಬುದಾರರ ಪಕ್ಕದಲ್ಲಿ ಕುಳಿತು ಹೆಣೆಯುವುದೇ ಲೇಸು.

ಹರಿಗೋಲಿನ ಆಯಸ್ಸು ಬಿದಿರಿನ ಆಯ್ಕೆಯಲ್ಲಿದೆ. ಇಲ್ಲಿ ಅವಸರ ಮಾಡುವವರೇ ಹೆಚ್ಚು. ಎಳೆಯ ಬಿದಿರು ಸುಲಭವಾಗಿ ಬಾಗುತ್ತದೆಂದು ಒಂದು ವರ್ಷದ ಗಳವನ್ನು ಕಡಿದು ತರುತ್ತಾರೆ. ಅದರಲ್ಲಿ ನೀರೂ ಹಿಟ್ಟಿನ ಅಂಶವೂ ಹೆಚ್ಚು. ಒಣಗಿದಾಗ ಮುದುಡುತ್ತದೆ; ಹಿಟ್ಟಿನ ಆಸೆಗೆ ಕೊರೆಯುವ ಹುಳು ಬೀಳುತ್ತದೆ. ದಬ್ಬೆಯಿಂದ ಹಳದಿ ಪುಡಿ ಉದುರತೊಡಗಿದರೆ ಒಳಗೆ ಹುಳು ಕೆಲಸ ಮಾಡುತ್ತಿದೆಯೆಂದೇ ಅರ್ಥ. ಆದುದರಿಂದ ಮೂರು ನಾಲ್ಕು ವರ್ಷ ಬಲಿತ ಗಳವನ್ನೇ ಆರಿಸಬೇಕು. ಗುರುತಿಸುವುದು ಕಷ್ಟವಲ್ಲ. ಎಳೆಯ ಗಳದ ಮೇಲೆ ಬಿಳಿಯ ಬೂದಿಯಂಥ ಪುಡಿಯಿದ್ದು ಗಿಣ್ಣುಗಳಲ್ಲಿ ಹೊರಪೊರೆ ಅಂಟಿಕೊಂಡಿರುತ್ತದೆ. ಬಲಿತದ್ದರ ಮೈ ಮಂಕಾಗಿ, ಅಲ್ಲಲ್ಲಿ ಕಲ್ಲುಹೂವಿನ ಮಚ್ಚೆ ಕಾಣುತ್ತದೆ. ತಟ್ಟಿದರೆ ಗಟ್ಟಿಯಾದ ದನಿ ಬರುತ್ತದೆ.

ಮಳೆಗಾಲದಲ್ಲಿ ಕಳಲೆ ಏಳುವಾಗ ಮೆಳೆಗೆ ಕೈ ಹಾಕಬಾರದು. ದೀಪಾವಳಿ ಕಳೆದು ಶಿವರಾತ್ರಿಯೊಳಗೆ ಕಡಿಯುವುದು ಒಳ್ಳೆಯದು. ಅಮಾವಾಸ್ಯೆಯ ಆಸುಪಾಸಿನಲ್ಲಿ ಕಡಿದರೆ ಹುಳು ಬೀಳದೆಂಬ ನಂಬಿಕೆ ಹಳ್ಳಿಗಳಲ್ಲಿದೆ. ಅದನ್ನು ಪಾಲಿಸುವುದರಿಂದ ನಷ್ಟವೇನೂ ಇಲ್ಲ. ಆದರೆ ಗಳದ ವಯಸ್ಸನ್ನು ನೋಡದೆ ಪಂಚಾಂಗವನ್ನಷ್ಟೇ ನೋಡಿದರೆ ಪ್ರಯೋಜನವಿಲ್ಲ. ಕಡಿದ ಗಳವನ್ನು ಎರಡು ಮೂರು ವಾರ ಕೆರೆಯ ನೀರಿನಲ್ಲಿ ಕಲ್ಲು ಹೇರಿ ಮುಳುಗಿಸಿಡಬೇಕು. ಹಿಟ್ಟಿನ ಅಂಶ ಬಹಳಮಟ್ಟಿಗೆ ನೀರಿಗೆ ಬಿಟ್ಟುಹೋಗುತ್ತದೆ. ನೀರು ನಾರುತ್ತದೆ, ಅದಕ್ಕೆ ಹೆದರಬೇಕಿಲ್ಲ. ಹಾಗೆ ನೆನೆದ ಬಿದಿರನ್ನು ಹಸಿಯಿರುವಾಗಲೇ ಸೀಳಿದರೆ ದಬ್ಬೆ ಮುರಿಯದೆ ಬಾಗುತ್ತದೆ.

ಇನ್ನೊಂದು ವಿಷಯವನ್ನು ಇಲ್ಲಿಯೇ ಹೇಳಿಬಿಡಬೇಕು. 2017ರಲ್ಲಿ ಅರಣ್ಯ ಕಾಯ್ದೆಗೆ ತಿದ್ದುಪಡಿಯಾದ ಮೇಲೆ, ಅರಣ್ಯದ ಹೊರಗೆ ಬೆಳೆದ ಬಿದಿರು ಕಾಯ್ದೆಯ ಲೆಕ್ಕದಲ್ಲಿ ಮರವಲ್ಲ. ಬದುವಿನಲ್ಲಿ ನಾಲ್ಕು ಮೆಳೆ ಬೆಳೆಸಿಕೊಂಡ ರೈತನಿಗೆ ಹರಿಗೋಲಿಗೂ ಬುಟ್ಟಿಗೂ ಚಪ್ಪರಕ್ಕೂ ಪೇಟೆಯ ಹಂಗಿರುವುದಿಲ್ಲ. ಅಂಚಿನ ಬಳೆಗೆ ಒಳಗೆ ಟೊಳ್ಳು ಕಡಿಮೆಯಿರುವ ಕಿರುಬಿದಿರೂ, ದಬ್ಬೆಗೆ ಹೆಬ್ಬಿದಿರೂ ಒದಗುತ್ತವೆ.

ಹೆಣಿಗೆ ನೆಲದ ಮೇಲೆ ಶುರುವಾಗುತ್ತದೆ. ಇಬ್ಬರು ಕುಳಿತು ಬಲೆ ಬಿಡುವ ಸಣ್ಣ ಹರಿಗೋಲಿಗೆ ತಳದ ಅಡ್ಡಗಲ 5 ಅಡಿ, ಬಾಯಿಯ ಅಡ್ಡಗಲ 6ರಿಂದ 6½ ಅಡಿ, ಆಳ 20 ಅಂಗುಲಕ್ಕೆ ಕಡಿಮೆಯಿಲ್ಲದಂತೆ ಇಟ್ಟುಕೊಂಡರೆ ಸಾಕು. ಗೂಟ ಮತ್ತು ಹಗ್ಗದಿಂದ ನೆಲದ ಮೇಲೆ ವೃತ್ತ ಗೀರಿಕೊಂಡು, ದಬ್ಬೆಗಳನ್ನು ಜೋಡಿ ಜೋಡಿಯಾಗಿ ಮೂರು ದಿಕ್ಕಿನಿಂದ ಹಾಯಿಸಿ ಆರು ಮೂಲೆಯ ಕಣ್ಣುಗಳು ಬರುವಂತೆ ಹೆಣೆಯುತ್ತಾರೆ. ಯಾವ ಕಡೆಯಿಂದ ಭಾರ ಬಿದ್ದರೂ ಈ ಹೆಣಿಗೆ ಅದನ್ನು ಹಂಚಿಕೊಳ್ಳುತ್ತದೆ. ಚೌಕ ಹೆಣಿಗೆಯಂತೆ ವಾರೆಯಾಗುವುದಿಲ್ಲ. ತಳ ಮುಗಿದ ಮೇಲೆ ಅದರ ಮೇಲೆ ಕಲ್ಲು ಹೇರಿ, ಹೊರಗುಳಿದ ತುದಿಗಳನ್ನು ನೀರು ಚಿಮುಕಿಸುತ್ತ ಮೆಲ್ಲನೆ ಮೇಲಕ್ಕೆ ಬಾಗಿಸಿ, ಸುತ್ತಲೂ ಅಡ್ಡ ದಬ್ಬೆ ಹಾಯಿಸಬೇಕು. ಕೊನೆಗೆ ಬಾಯಿಗೆ ದಪ್ಪನೆಯ ಬಳೆ ಕಟ್ಟಿ ನೈಲಾನ್ ಹುರಿಯಿಂದ ಬಿಗಿಯುತ್ತಾರೆ. ಕತ್ತರಿಸಿದ ತುದಿ ಒಂದೂ ಹೊರಕ್ಕೆ ಚುಚ್ಚಿಕೊಂಡಿರಬಾರದು. ಕೈಯನ್ನು ಹೊರಮೈಮೇಲೆಲ್ಲ ಸವರಿ ನೋಡಿ, ಸಿಬಿರು ಸಿಕ್ಕಿದಲ್ಲೆಲ್ಲ ಕೆತ್ತಬೇಕು. ಹೊದಿಕೆಯನ್ನು ಹರಿಯುವುದು ಹೊಳೆಯ ಕಲ್ಲು ಮಾತ್ರವಲ್ಲ, ಒಳಗಿನ ಸಿಬಿರು ಕೂಡ.

ಹೊದಿಕೆಗೆ ಗೊಬ್ಬರದ ಚೀಲಗಳನ್ನು ಬಿಚ್ಚಿ, ಚೆನ್ನಾಗಿ ತೊಳೆದು ಒಣಗಿಸಿ, ಎರಡು ಬೆರಳು ಒಂದರ ಮೇಲೊಂದು ಬರುವಂತೆ ದಬ್ಬಳದಿಂದ ಹೊಲಿಯುತ್ತಾರೆ. ಎರಡು ಪದರವಿದ್ದರೆ ಉತ್ತಮ. ಮೇಲಿನ ಹೊಲಿಗೆ ಕೆಳಗಿನ ಹೊಲಿಗೆಯ ಮೇಲೆ ಬೀಳಬಾರದು. ಅನಂತರ ಹೊರಮೈಗೆ ಡಾಂಬರು. ಈ ಚೀಲ ಬರಿಯ ಬಿಸಿಲಿಗೆ ಬಿದ್ದರೆ ಕೆಲವೇ ತಿಂಗಳಲ್ಲಿ ಪುಡಿಪುಡಿಯಾಗುತ್ತದೆ. ಡಾಂಬರು ನೀರನ್ನು ತಡೆಯುವುದರ ಜೊತೆಗೆ ಬಿಸಿಲನ್ನೂ ತಡೆಯುತ್ತದೆ. ಅತಿಯಾಗಿ ಕಾಸಿದ ಡಾಂಬರು ಚೀಲವನ್ನೇ ಕರಗಿಸುವುದರಿಂದ, ಹರಿಯುವಷ್ಟು ಮಾತ್ರ ಕಾಸಿ ತೆಳುವಾಗಿ ಎರಡು ಸಲ ಬಳಿಯಬೇಕು. ಕಾಸುವ ಕೆಲಸ ಬಯಲಿನಲ್ಲಿ ನಡೆಯಲಿ, ಮಕ್ಕಳು ಹತ್ತಿರ ಬಾರದಿರಲಿ. ಒದ್ದೆ ಕುಂಚ ಅದ್ದಿದರೆ ಕುದಿಯುವ ಡಾಂಬರು ಮುಖಕ್ಕೆ ಸಿಡಿಯುತ್ತದೆ. ಒಲೆಯ ಮೇಲಿರುವ ಡಬ್ಬಕ್ಕೆ ಸೀಮೆಎಣ್ಣೆ ಸುರಿಯುವುದಂತೂ ಬೆಂಕಿಯನ್ನು ಕರೆದಂತೆಯೇ ಸರಿ.

ಇಷ್ಟು ಮಾಡಿ ನೀರಿಗಿಳಿಸಿದರೆ ಕೆಲಸ ಮುಗಿಯಿತೆಂದು ತಿಳಿಯುವುದೇ ದೊಡ್ಡ ತಪ್ಪು. ಸ್ವಲ್ಪ ಲೆಕ್ಕ ನೋಡಬಹುದು. ತಳದ ಅಡ್ಡಗಲ 5 ಅಡಿಯಿದ್ದರೆ ಅದರ ವಿಸ್ತೀರ್ಣ ಸುಮಾರು 20 ಚದರ ಅಡಿ. ಅಂಥ ಹರಿಗೋಲು ಒಂದು ಅಂಗುಲ ಇಳಿಯಬೇಕಾದರೆ ಸುಮಾರು 46 ಕಿಲೋ ಭಾರ ಬೇಕು. ಹರಿಗೋಲಿನ ತೂಕ 40 ಕಿಲೋ, ಇಬ್ಬರು ಆಳು 120 ಕಿಲೋ, ಬಲೆ ಮೀನು 25 ಕಿಲೋ ಎಂದಿಟ್ಟುಕೊಂಡರೆ ಇಳಿಯುವುದು 4 ಅಂಗುಲ. 16 ಅಂಗುಲ ನೀರಿನ ಮೇಲುಳಿಯುತ್ತದೆ. ಅದರಲ್ಲಿಯೇ ಎಂಟು ಜನ ಹತ್ತಿದರೆ 11 ಅಂಗುಲಕ್ಕೂ ಹೆಚ್ಚು ಇಳಿಯುತ್ತದೆ. ಆದರೂ ಮುಳುಗಲಿಲ್ಲವಲ್ಲ ಎಂಬ ಧೈರ್ಯ ಬರುತ್ತದೆ! ಅಪಾಯವಿರುವುದು ಇಲ್ಲಿಯೇ. ಹರಿಗೋಲನ್ನು ಮಗುಚುವುದು ಭಾರಕ್ಕಿಂತ ಹೆಚ್ಚಾಗಿ ಭಾರದ ಓಡಾಟ. ಬಲೆ ಎಳೆಯಲು ಇಬ್ಬರೂ ಒಂದೇ ಕಡೆಗೆ ಬಾಗಿದರೆ, ಯಾರೋ ಒಬ್ಬರು ಎದ್ದು ನಿಂತರೆ, ಆ ಬದಿಯ ಅಂಚು ನೀರಿಗೆ ತಾಗುತ್ತದೆ. ಒಮ್ಮೆ ಅಂಚಿನ ಮೇಲೆ ಹರಿದ ನೀರು ಅದೇ ಬದಿಗೆ ಓಡುತ್ತದೆ; ಎರಡನೆಯ ಅವಕಾಶ ಇರುವುದಿಲ್ಲ. ಆದುದರಿಂದ ಒಬ್ಬರು ಬಲೆ ಎಳೆಯುವಾಗ ಇನ್ನೊಬ್ಬರು ಎದುರು ಬದಿಯಲ್ಲಿ ಕುಳಿತೇ ಇರಬೇಕು.

ಈಜು ಬಲ್ಲವರೂ ಬಲೆಯಲ್ಲಿ ಕಾಲು ಸಿಕ್ಕಿ ಸಾಯುತ್ತಾರೆ. ನೈಲಾನ್ ಬಲೆ ಒದ್ದಷ್ಟೂ ಬಿಗಿಯುತ್ತದೆ. ಬಲೆಯನ್ನು ಕಾಲಬುಡದಲ್ಲಿ ಗುಡ್ಡೆ ಹಾಕದೆ ಒಂದು ಮಂಕರಿಯಲ್ಲಿ ಮಡಿಸಿಡಬೇಕು; ಸೊಂಟಕ್ಕೆ ದಾರ ಕಟ್ಟಿದ ಚೂರಿ ಇರಬೇಕು. ಲೈಫ್ ಜಾಕೆಟ್ ಹರಿಗೋಲಿನ ಖರ್ಚಿನಲ್ಲಿಯೇ ಸೇರಬೇಕಾದ ಬಾಬು. ಬಿದಿರಿಗೂ ಡಾಂಬರಿಗೂ ಹಣ ಹೊಂದಿಸಿದವರು ಇದೊಂದಕ್ಕೆ ಮುಂದಿನ ವರ್ಷ ನೋಡೋಣ ಎನ್ನುವುದು ಸರಿಯಲ್ಲ. ಅದರ ಜೊತೆಗೆ, ಮುಚ್ಚಳ ಬಿಗಿಯಾದ 10 ಲೀಟರಿನ ಖಾಲಿ ಕ್ಯಾನ್ ಎರಡನ್ನು ಹಗ್ಗದಿಂದ ಅಂಚಿಗೆ ಕಟ್ಟಿರಬೇಕು. ಅಂಥ ಒಂದು ಕ್ಯಾನ್ 9 ಕಿಲೋಗೂ ಹೆಚ್ಚು ಭಾರವನ್ನು ತೇಲಿಸುತ್ತದೆ. ನೀರಿಗೆ ಬಿದ್ದವನ ತಲೆ ಮೇಲಿರಲು ಅಷ್ಟು ಸಾಕು. ಕೀಟನಾಶಕದ ಕ್ಯಾನ್ ಮಾತ್ರ ಬೇಡ. ನೀರು ಎತ್ತಿ ಹಾಕಲು ಒಂದು ಡಬ್ಬ, ನಿಲ್ಲಿಸಲು ಹಗ್ಗ ಕಟ್ಟಿದ ಕಲ್ಲು, ಹುಟ್ಟು ಕೈಜಾರಿದರೆ ಎಂದು ಇನ್ನೊಂದು ಹುಟ್ಟು, ಇವಿಷ್ಟೂ ಇರಲಿ.

ಹುಟ್ಟು ಹಾಕುವುದನ್ನು ಮೊದಲು ಊರ ಕೆರೆಯಲ್ಲಿ, ಎದೆಮಟ್ಟದ ನೀರಿನಲ್ಲಿ ಕಲಿಯಬೇಕು. ಮುಂಬದಿಯಲ್ಲಿ ಕುಳಿತು ನೀರನ್ನು ತನ್ನ ಕಡೆಗೆ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಎಳೆದುಕೊಂಡರೆ ಮಾತ್ರ ದುಂಡನೆಯ ಹರಿಗೋಲು ತಿರುಗದೆ ಮುಂದೆ ಸಾಗುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಬೀಸುವ ಮುಂಗಾರು ಗಾಳಿಗೆ ಕೃಷ್ಣರಾಜಸಾಗರದಂಥ ವಿಶಾಲವಾದ ನೀರಿನಲ್ಲಿ ಅಲೆ ಏಳುತ್ತದೆ. ಗಾಳಿಗೆ ಎದುರಾಗಿ ಹರಿಗೋಲು ನಡೆಸುವುದು ಪಳಗಿದವರಿಗೂ ಕಷ್ಟ. ಕಟ್ಟೆಯ ಕೆಳಗಿನ ಹೊಳೆಯಲ್ಲಿ ಗೇಟು ತೆರೆದಾಗ ನೀರು ಬೇಗನೆ ಏರುತ್ತದೆ. ನೀರು ಬಿಡುವ ಮುನ್ಸೂಚನೆ ಬಂದ ದಿನ ಹರಿಗೋಲು ದಡದಲ್ಲಿಯೇ ಇರತಕ್ಕದ್ದು. ಜಲಾಶಯದಲ್ಲಿ ಮೀನು ಹಿಡಿಯಲು ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕು. ಕೆರೆಯಾದರೆ ಗುತ್ತಿಗೆ ಹಿಡಿದವರ ಒಪ್ಪಿಗೆ ಬೇಕು. ರಂಗನತಿಟ್ಟಿನಂಥ ಪಕ್ಷಿಧಾಮದೊಳಗೆ ಬಲೆ ಬಿಡುವಂತಿಲ್ಲ. ಅಲ್ಲಿ ಮೊಸಳೆಗಳೂ ಇವೆ.

ಫೈಬರ್ ಹರಿಗೋಲು ಬಾಳಿಕೆ ಬರುತ್ತದೆ, ಹುಳುವಿನ ಕಾಟವಿಲ್ಲ. ದಿನವೂ ನೀರಿಗಿಳಿಯುವವರಿಗೆ ಅದೇ ಮೇಲು. ಆದರೆ ಬಿರುಕು ಬಿಟ್ಟರೆ ಮನೆಯಲ್ಲಿ ಸರಿಪಡಿಸುವುದು ಸುಲಭವಲ್ಲ. ಬಿದಿರಿನದಕ್ಕೆ ಒಂದು ತುಂಡು ಚೀಲ, ಒಂದು ಹಿಡಿ ಡಾಂಬರು ಸಾಕು.

ಕೆಲಸ ಮುಗಿದ ಮೇಲೆ ಹರಿಗೋಲನ್ನು ನೀರಿನಲ್ಲಿ ಬಿಡದೆ ಹೊತ್ತು ತಂದು, ಮರದ ನೆರಳಿನಲ್ಲಿ ಬೋರಲಾಗಿ, ಕೆಳಗೆ ಮೂರು ಕಲ್ಲು ಕೊಟ್ಟು ಇಡಬೇಕು. ಗೆದ್ದಲು ಹತ್ತದಂತೆ ಕಲ್ಲುಗಳನ್ನು ಆಗಾಗ ಸರಿಸಿ ನೋಡಬೇಕು. ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ಇಬ್ಬರು ಅದನ್ನು ಸೂರ್ಯನಿಗೆ ಅಡ್ಡವಾಗಿ ಎತ್ತಿ ಹಿಡಿದು, ಮೂರನೆಯವರು ಒಳಗಡೆಯಿಂದ ನೋಡಿದರೆ ಸೂಜಿಮೊನೆಯಷ್ಟು ತೂತಿನಿಂದಲೂ ಬೆಳಕು ಕಾಣುತ್ತದೆ. ಅಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿ, ಅಂದೇ ತೇಪೆ ಹಾಕಿ ಡಾಂಬರು ಬಳಿಯಬೇಕು.