ಬೇರ್ಪಡಿಸುವ ಕೈಗಳಿಗೆ ಸದಸ್ಯತ್ವ



ತೆರಿಗೆಯ ಮಾತನ್ನು ಮೊದಲು ಮುಗಿಸುತ್ತೇನೆ. ಪ್ಲಾಸ್ಟಿಕ್ ಗುಜರಿಯ ಜಿಎಸ್‌ಟಿ 2021ರ ಅಕ್ಟೋಬರ್‌ನಲ್ಲಿ ಶೇ 5ರಿಂದ ಶೇ 18ಕ್ಕೆ ಏರಿತು. ಬಿಲ್ ಬರೆದು ಮಾರುವವನಿಗೆ ಅದರಿಂದ ಪೆಟ್ಟು ಬಿತ್ತು, ಬಿಲ್ಲಿಲ್ಲದೆ ಮಾರುವವನಿಗೆ ಅನುಕೂಲವಾಯಿತು. 2024ರ ಅಕ್ಟೋಬರ್‌ನಿಂದ, ನೋಂದಣಿ ಇಲ್ಲದವರ ಹತ್ತಿರ ಲೋಹದ ಗುಜರಿ ಕೊಂಡರೆ ತೆರಿಗೆ ಕಟ್ಟುವ ಹೊಣೆ ನೋಂದಾಯಿತ ಕೊಳ್ಳುವವನದೇ. ಈ ಬಗ್ಗೆ ಗುಜರಿ ವ್ಯಾಪಾರದವರಾದ ನಮ್ಮೊಳಗೆ ಎರಡು ಮಾತಿಲ್ಲ. ಮನವಿ ಸಿದ್ಧವಾಗಿದೆ, ಸರ್ಕಾರಕ್ಕೆ ಕೊಡೋಣ.

ನನ್ನ ಮನಸ್ಸಿನಲ್ಲಿರುವುದು ಬೇರೆ ವಿಷಯ. ಬೆಂಗಳೂರಿನ ನಾಯಂಡಹಳ್ಳಿಯ ಗೋಡೌನುಗಳನ್ನು ನೀವು ಬಲ್ಲಿರಿ. ಅಲ್ಲಿಗೆ ಬರುವ ಒಂದು ಬಾಟಲಿಯಲ್ಲೇ ಮೂರು ಬಗೆಯ ಮಾಲು ಇರಬಹುದು. ಬಾಟಲಿ ಪೆಟ್, ಮುಚ್ಚಳ ಇನ್ನೊಂದು, ಲೇಬಲ್ ಮತ್ತೊಂದು. ಪುಡಿ ಮಾಡಿ ನೀರಿಗೆ ಹಾಕಿದರೆ ಪೆಟ್ ಮುಳುಗುತ್ತದೆ, ಮುಚ್ಚಳದ ಚೂರು ತೇಲುತ್ತದೆ. ಅಷ್ಟನ್ನು ತೊಟ್ಟಿಯೇ ಮಾಡಿಕೊಡುತ್ತದೆ. ಪಿವಿಸಿ ಮಾತ್ರ ಪೆಟ್ ಜೊತೆಗೇ ಮುಳುಗುತ್ತದೆ. ಕರಗಿಸುವಾಗ ಅದರ ನಾಲ್ಕು ಚೂರು ಸೇರಿದರೂ ಮಾಲು ಹಳದಿಗಟ್ಟಿ ಬಲ ಕಳೆದುಕೊಳ್ಳುತ್ತದೆ. ಸಣ್ಣ ಘಟಕಗಳಲ್ಲಿ ಅದನ್ನು ಮೊದಲೇ ಹಿಡಿಯುವವರು ನೆಲದ ಮೇಲೆ ಕೂತು ಮಾಲು ಬೇರ್ಪಡಿಸುವ ಹೆಂಗಸರು. ಮಡಿಸಿ ನೋಡುತ್ತಾರೆ, ಮಡಿಕೆಯಲ್ಲಿ ಬಿಳಿ ಗೆರೆ ಮೂಡಿದರೆ ಪಕ್ಕಕ್ಕೆ ಎಸೆಯುತ್ತಾರೆ. ನಮ್ಮ ಉದ್ಯಮದ ಗುಣಮಟ್ಟ ಪರೀಕ್ಷೆ ನಡೆಯುವುದೇ ಅಲ್ಲಿ. ಹೀಗಿದ್ದೂ ಅವರಲ್ಲಿ ಒಬ್ಬರೂ ನಮ್ಮ ಸಂಘದ ಸದಸ್ಯರಲ್ಲ.

ಬಿಬಿಎಂಪಿ 2011ರಲ್ಲೇ ಚಿಂದಿ ಆಯುವವರಿಗೆ ಗುರುತಿನ ಚೀಟಿ ಕೊಡಲು ಶುರುಮಾಡಿತು. ಅವರನ್ನು ಗುರುತಿಸಿ ಕಸ ನಿರ್ವಹಣೆಯ ವ್ಯವಸ್ಥೆಯೊಳಗೆ ತರಬೇಕೆಂದು 2016ರ ಘನತ್ಯಾಜ್ಯ ನಿಯಮಗಳು ಸ್ಥಳೀಯ ಸಂಸ್ಥೆಗಳಿಗೆ ಹೇಳಿದವು. ನಗರಪಾಲಿಕೆಗೆ ಕಂಡವರು ನಮಗೇಕೆ ಕಾಣಲಿಲ್ಲ?

ಈಗ ಇಪಿಆರ್ ಬಂದಿದೆ, ಅಂದರೆ ಪ್ಲಾಸ್ಟಿಕ್ ಪ್ಯಾಕಿಂಗ್ ಬಳಸುವ ಕಂಪನಿಯೇ ಅದರ ಕಸಕ್ಕೂ ಹೊಣೆ. ಗಟ್ಟಿ ಪ್ಲಾಸ್ಟಿಕ್ ಪ್ಯಾಕಿಂಗಿನಲ್ಲಿ 2025-26ಕ್ಕೆ ಶೇ 30ರಷ್ಟು, 2028-29ಕ್ಕೆ ಶೇ 60ರಷ್ಟು ಮರುಬಳಕೆಯ ಪ್ಲಾಸ್ಟಿಕ್ ಇರಬೇಕೆಂದು ಕೇಂದ್ರ 2022ರಲ್ಲಿ ಗುರಿ ಇಟ್ಟಿತು. ಕಂಪನಿಗಳು ಮರುಬಳಕೆಯ ನೋಂದಾಯಿತ ಕಾರ್ಖಾನೆಗಳಿಂದ ಪ್ರಮಾಣಪತ್ರ ಕೊಳ್ಳುತ್ತಿವೆ. ಆ ದುಡ್ಡು ಕಾರ್ಖಾನೆಯ ಗೇಟಿನಲ್ಲೇ ನಿಂತರೆ ಗುಜರಿ ಅಂಗಡಿಯವನಿಗೂ ಇಲ್ಲ, ಆಯುವವರಿಗೂ ಇಲ್ಲ. ಅವರಿಗೆ ಕೂಲಿ ಗಿಟ್ಟದಿದ್ದರೆ ಕಡಿಮೆ ಬೆಲೆಯ ಮಾಲನ್ನು ಯಾರೂ ಮುಟ್ಟುವುದಿಲ್ಲ. ಅದು ಚರಂಡಿಗೆ, ಕೆರೆಗೆ ಹೋಗುತ್ತದೆ, ಇಲ್ಲವೇ ಬೆಂಗಳೂರಿನ ಕಸ ಸುರಿದ ಮಂಡೂರಿನಂಥ ಇನ್ನೊಂದು ಊರನ್ನು ಹುಟ್ಟಿಸುತ್ತದೆ. ಮಂಡೂರಿನವರು ಅನುಭವಿಸಿದ್ದು ಈ ರಾಜ್ಯದ ಯಾವ ಹಳ್ಳಿಗೂ ಬರಬಾರದು.

"ಅವರು ಉದ್ಯಮಿಗಳಲ್ಲವಲ್ಲ, ಸಂಘಕ್ಕೆ ಹೇಗೆ ಸೇರಿಸುವುದು?" ಎಂದು ಕೆಲವು ಮಿತ್ರರು ಕೇಳಿದ್ದಾರೆ. ಬೆಳಗ್ಗೆ ಮಾಲು ಆಯ್ದು, ಬೇರ್ಪಡಿಸಿ, ದರ ಚೌಕಾಸಿ ಮಾಡಿ ಸಂಜೆ ಮಾರುವವರು ಉದ್ಯಮಿಗಳಲ್ಲದಿದ್ದರೆ ಇನ್ಯಾರು? ನಮ್ಮಲ್ಲಿ ಎಷ್ಟೋ ಜನರ ತಂದೆ-ತಾತ ತಳ್ಳುಗಾಡಿಯಿಂದಲೇ ಮೇಲೆ ಬಂದವರು.

ಆದ್ದರಿಂದ ಕಾರ್ಯಕಾರಿ ಸಮಿತಿಯ ಪರವಾಗಿ ಒಂದು ತಿದ್ದುಪಡಿ ತಂದಿದ್ದೇನೆ. ಆಯುವವರಿಗೆ, ಬೇರ್ಪಡಿಸುವವರಿಗೆ, ಸಣ್ಣ ಗುಜರಿ ಅಂಗಡಿಯವರಿಗೆ ಶುಲ್ಕವಿಲ್ಲದೆ ಪೂರ್ಣ ಸದಸ್ಯತ್ವ ಕೊಡುವುದು, ಮತದ ಹಕ್ಕೂ ಸೇರಿ. ಸದಸ್ಯ ಕಾರ್ಖಾನೆಗಳು ಪ್ರತಿ ಖರೀದಿಗೂ ತೂಕದ ಚೀಟಿ ಕೊಡುವುದು. ಪ್ರಮಾಣಪತ್ರದ ಆದಾಯದಲ್ಲಿ ಒಂದು ಪಾಲನ್ನು ಖರೀದಿ ದರಕ್ಕೇ ಸೇರಿಸುವುದು. ಆ ಪಾಲು ಎಷ್ಟಿರಬೇಕೆಂದು ಚರ್ಚೆಯಾಗಲಿ, ಜಗಳವಾದರೂ ಆಗಲಿ. ಊಟದ ನಂತರ ಸರ್ವಸದಸ್ಯರ ಸಭೆಯಲ್ಲಿ ಇದನ್ನು ಮತಕ್ಕೆ ಹಾಕುತ್ತೇವೆ. ದಯವಿಟ್ಟು ಯಾರೂ ಊರಿನ ಬಸ್ಸು ಹಿಡಿಯುವ ಅವಸರದಲ್ಲಿ ಎದ್ದು ಹೋಗಬೇಡಿ.