ಕರೆಯೂ ಕಾಯಕವೂ

 

ಪ್ರಾತಃಕಾಲದಲ್ಲಿ ಇಷ್ಟಲಿಂಗವನ್ನು ಹಿಡಿದ ಕೈಯೇ ಹಗಲು ಪೇಟೆಯಲ್ಲಿ ತಕ್ಕಡಿಯನ್ನೂ ಹಿಡಿಯುವುದು. ಈ ಎರಡಕ್ಕೂ ಸಂಬಂಧವುಂಟೇ? ಈ ಸಂದೇಹವು ನಮ್ಮಲ್ಲಿ ಮಾತ್ರ ಹುಟ್ಟಿದುದಲ್ಲ. ದೇವರ ಕರೆಯು ಸಂನ್ಯಾಸಿಗಳಿಗೂ ಪಾದ್ರಿಗಳಿಗೂ ಮೀಸಲೆಂಬ ಭಾವನೆಯು ಕ್ರೈಸ್ತರಲ್ಲಿಯೂ ಬಹುಕಾಲ ಇದ್ದಿತು. 16ನೆಯ ಶತಮಾನದಲ್ಲಿ ಮಾರ್ಟಿನ್ ಲೂಥರನು, ಸಂಸಾರಿಯ ಸಾಮಾನ್ಯ ದುಡಿಮೆಯೂ ಆ ಕರೆಯೇ ಎಂದು ಬೋಧಿಸಿದನು. ಜರ್ಮನ್ ನುಡಿಯಲ್ಲಿ ವೃತ್ತಿಗೆ ಹೇಳುವ ‘ಬೆರೂಫ್’ ಎಂಬ ಶಬ್ದದೊಳಗೆ ‘ಕರೆ’ ಎಂಬರ್ಥದ ಧಾತುವೇ ಅಡಗಿರುವುದು.

ಆ ನಾಡಿನ ಫರ್ಡಿನಾಂಡ್ ಕಿಟ್ಟೆಲರು 1853ರಲ್ಲಿ ಬಾಸೆಲ್ ಮಿಶನ್ನಿನಿಂದ ಮತಪ್ರಚಾರಕ್ಕೆಂದು ಬಂದರು. ಆದರೆ ನಮಗೆ ಅವರಿಂದ ದಕ್ಕಿದುದು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ, ಸುಮಾರು 70,000 ಶಬ್ದಗಳ ನಿಘಂಟು! ಅವರ ಮತವು ಅವರಿಗಿರಲಿ. ಪಾಠಶಾಲೆಯಲ್ಲಿ ಆ ಗ್ರಂಥವನ್ನು ತಿರುವಿದಾಗಲೆಲ್ಲ ಇದು ಕಾಯಕವೇ ಸರಿ ಎಂದು ನನಗೆ ತೋರಿದೆ.

ನಮ್ಮ ಶರಣರಾದರೋ ಇನ್ನೂ ನಿಷ್ಠುರರು. ನುಲಿಯ ಚಂದಯ್ಯನವರ ಕಥೆಯನ್ನು ತಾವೆಲ್ಲರೂ ಬಲ್ಲಿರಿ. ಹಗ್ಗವನ್ನು ಮಾರಿ ತಂದವನು ಸಾಕ್ಷಾತ್ ಲಿಂಗದೇವನು. ಆದರೂ ಹಣವು ಸಲ್ಲತಕ್ಕ ಬೆಲೆಗಿಂತ ಹೆಚ್ಚಾಗಿದ್ದಿತೆಂದು ಚಂದಯ್ಯನವರು ಅದನ್ನು ಒಪ್ಪಲಿಲ್ಲ.